ಒಂದು ತಟ್ಟು, ಎರಡು ತಟ್ಟು

ಒಂದು ತಟ್ಟಿದರೆ ನಿಲ್ಲು.
ಎರಡು ತಟ್ಟಿದರೆ ಹೊರಡು.
ಹಾಲೇಶಣ್ಣನಿಗೂ ನನಗೂ
ನಡುವೆ ಇರುವ ಭಾಷೆ ಇಷ್ಟೇ:
ಹಳದಿ ತಗಡು, ಅದರ ಮೇಲೆ ನನ್ನ ಬಲಗೈ.

ಸಕ್ರೆಬೈಲಿನಿಂದ ಶಿವಮೊಗ್ಗಕ್ಕೆ
ಹದಿಮೂರು ಸ್ಟಾಪು, ನಲವತ್ತೊಂದು ತಲೆ.
ಕೆಲಸಕ್ಕೆ ಸೇರುವಾಗ ಕೇಳಿದ್ದರು,
ಓದು ಬರುತ್ತಾ?
ಎಣಿಸಲು ಬರುತ್ತೆ ಅಂದೆ.
ಸಾಕು ಅಂದರು.

ಮೊದಲ ದಿನವೇ ಹಾಲೇಶಣ್ಣ
ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿ
ತಾನು ಇಳಿದುಹೋಗಿ
ಬಸ್ಸಿನ ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.
‘ಕಾಣ್ತೀನಾ?’
ಗಾಜಿನ ತುಂಬ ರಸ್ತೆ, ಆಚೆ ಪಂಕ್ಚರ್ ಅಂಗಡಿ,
ಮಲಗಿದ ನಾಯಿ, ಒಂದು ತುಂಡು ಮೋಡ.
ಅವನಿಲ್ಲ. ಎಂಬತ್ತು ಕೇಜಿಯ ಮನುಷ್ಯ!
‘ಇನ್ನು ಒಂದನೇ ಕ್ಲಾಸಿನವರ ಲೆಕ್ಕ ಹಾಕು’
ಎನ್ನುತ್ತ ಎದ್ದು ಧೂಳು ಕೊಡವಿಕೊಂಡ.
ನನ್ನ ಟ್ರೈನಿಂಗು ಮುಗಿಯಿತು.

ಮಕ್ಕಳಿಗೆ ನಾನು ಹೇಳಿಕೊಟ್ಟದ್ದು:
ಇಳಿದ ಮೇಲೆ ಹತ್ತು ಹೆಜ್ಜೆ,
ಬೆಕ್ಕಿನ ಹೆಜ್ಜೆ ಅಲ್ಲ, ಆನೆ ಹೆಜ್ಜೆ.
ತಿರುಗಿ ನಿಂತು ಡ್ರೈವರ್ ಮಾವನ ಕಣ್ಣು ಹುಡುಕಿ.
ಸಿಕ್ಕಿತಾ? ಅವನು ಕೈ ಎತ್ತಿದನಾ?
ಆಮೇಲೆ ನನ್ನ ಬೆರಳು ಹಿಡಿದು ದಾಟಿ.
ಬಿದ್ದದ್ದು ಬಿದ್ದಿರಲಿ,
ರಬ್ಬರಾಗಲಿ, ಬಂಗಾರವೇ ಆಗಲಿ
ಬಗ್ಗಬೇಡಿ.

ಆದರೆ ಬಿದ್ದದ್ದನ್ನು ಎತ್ತಿಕೋ ಎಂದು
ಮನೆಯಲ್ಲಿ ಬೈದು ಕಲಿಸಿರುತ್ತಾರಲ್ಲ.

ಬೆಳಿಗ್ಗೆ ಏಳೂಮುಕ್ಕಾಲಿಗೆ ಒಮ್ಮೊಮ್ಮೆ
ಕ್ಯಾಂಪಿನ ಆನೆ ರಸ್ತೆ ದಾಟುತ್ತದೆ,
ರಾತ್ರಿಯ ಕಾಡನ್ನು ಬೆನ್ನಿಗೆ ಅಂಟಿಸಿಕೊಂಡು,
ಸರಪಳಿಯನ್ನು ಟಾರಿನ ಮೇಲೆ ಎಳೆದುಕೊಂಡು.
ಆಗ ನೋಡಬೇಕು.
ತೀರ್ಥಹಳ್ಳಿಯಿಂದ ಟೈಮಿಂಗಿಗೆ ಹಾರಿಬರುವ
ಪ್ರೈವೇಟ್ ಬಸ್ಸು ನಿಲ್ಲುತ್ತದೆ. ಮರಳು ಲಾರಿ ನಿಲ್ಲುತ್ತದೆ.
ಹೊಸ ಬುಲೆಟ್ಟಿನ ಹುಡುಗ ಇಂಜಿನ್ನೇ ಆರಿಸಿ
ಕೈಮುಗಿಯುತ್ತಾನೆ.
ಒಬ್ಬರೂ ಹಾರನ್ ಒತ್ತುವುದಿಲ್ಲ.
ಒಬ್ಬರಿಗೂ ಅರ್ಜೆಂಟಿಲ್ಲ.

ಎರಡು ಫರ್ಲಾಂಗು ಮುಂದೆ, ಅದೇ ಜನ.
ನಮ್ಮ ಬಸ್ಸು ನಿಂತಿದೆ. ನಾಲ್ಕೂ ದೀಪ ಮಿಣುಕುತ್ತಿವೆ.
ಕೆಂಪು ಬಟ್ಟೆ ಕಟ್ಟಿದ ಕೋಲು ಹಿಡಿದು ನಾನು
ರಸ್ತೆಯ ನಟ್ಟನಡುವೆ.
ಪೊಂಯ್, ಪೊಂಯ್.
‘ಏನಮ್ಮಾ, ರಸ್ತೆ ನಿಮ್ಮಪ್ಪಂದಾ?’
ಅಲ್ಲ ಸ್ವಾಮಿ, ನಮ್ಮಪ್ಪ ಸೈಕಲ್ಲಲ್ಲೇ ತೀರಿಕೊಂಡ.
ಮೂರಡಿ ಎರಡಿಂಚಿನ ಸುಹಾನಾ
ದಾಟುತ್ತಿದ್ದಾಳೆ, ಅಷ್ಟೇ.
ಅವಳಿಗೊಂದು ಸೊಂಡಿಲು ಇರಬೇಕಿತ್ತೇನೋ.

ಆ ಸಂಜೆಯದನ್ನೂ ಹೇಳಿಬಿಡುತ್ತೇನೆ.
ಇಬ್ಬರು ಇಳಿದರು. ಸುಹಾನಾ ನನ್ನ ಬೆರಳಲ್ಲಿದ್ದಳು.
ಚಿರಾಯುವಿನ ಬಾಟಲಿ ಮುಚ್ಚಳ ಉರುಳಿತು,
ಅದರ ಹಿಂದೆ ಅವನೂ.
ನಾನು ನೋಡಲಿಲ್ಲ. ನನ್ನ ಕೈ ಎದ್ದಿತ್ತು.
ಒಂದು ತಟ್ಟಿಯೂ ಆಗಿತ್ತು.
ಎರಡನೆಯದಕ್ಕೆ ಹೋಗುವಾಗ
ನೆಲದ ನೆರಳು ಎಣಿಸಿದೆ.
ಒಂದು ಕಮ್ಮಿ.

ಕೈ ಗಾಳಿಯಲ್ಲೇ ನಿಂತಿತು.
ಹಾಲೇಶಣ್ಣನಿಗೆ ಕೇಳಿದ್ದು ಒಂದೇ.
ಒಂದು ತಟ್ಟಿದರೆ ನಿಲ್ಲು.

ಮುಚ್ಚಳ ಸಿಕ್ಕಿತು. ಹುಡುಗ ನಕ್ಕ.
ಅವನಮ್ಮ ಗೇಟಿನಿಂದಲೇ ‘ಯಾಕೆ ಲೇಟು?’ ಅಂದಳು.
ಪೇಪರಿಗೆ ಹಾಕುವಂಥದ್ದು ಏನೂ ಆಗಲಿಲ್ಲ.
ಖಾಲಿ ಬಸ್ಸಿನಲ್ಲಿ ಹಿಂದಿರುಗುವಾಗ ಹಾಲೇಶಣ್ಣ
ಕನ್ನಡಿಯಲ್ಲಿ ನನ್ನನ್ನು ನೋಡದೆ ಹೇಳಿದ:
‘ಮರೆತರೆ, ಹೆದರಿದರೆ, ಕೈ ನಡುಗಿದರೆ
ಆಗೋದು ಒಂದೇ ತಟ್ಟು.
ಅದಕ್ಕೇ ಒಂದನ್ನ ನಿಲ್ಲೋಕೆ ಇಟ್ಟಿದ್ದು.’
ಮತ್ತೆ ಗೇರು ಬದಲಿಸಿದ.

ಈಗ ರಾತ್ರಿ ಅಕ್ಕಿರೊಟ್ಟಿ ತಟ್ಟುವಾಗಲೂ
ಒಂದು ತಟ್ಟಿ ಕೈ ತಡೆಯುತ್ತದೆ.
‘ಹೆಂಚು ಕಾದು ಹೊಗೆ ಬಂತು, ಏನು ನೋಡ್ತಿ?’
ಅತ್ತೆ ಗೊಣಗುತ್ತಾರೆ.
ಏನಿಲ್ಲ.
ಬೆಕ್ಕು, ಕೊಡ, ಮಣೆ, ನನ್ನದೇ ಎರಡು ಕಾಲು.
ಇದೆ, ಎಲ್ಲ ಇದೆ.
ಆಮೇಲೆ ಎರಡನೆಯದು.